ಮಲ್ಲಿಗೆ ಕಟ್ಟಿದ ಎದೆ

ತೂಬಗೆರೆ ಹೋಬಳಿಯ ಆ ಸಣ್ಣ ಊರಿನಲ್ಲಿ ಯಾರು ಹಸು ಕೊಂಡರೂ ಮೊದಲು ಮುನಿತಾಯಮ್ಮನ ಮನೆ ಮುಂದೆ ತಂದು ನಿಲ್ಲಿಸುತ್ತಿದ್ದರು. ಗಂಡಸರು ಸಂತೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ತಂದಿದ್ದರೂ ಹಾಲಿನ ವಿಷಯದಲ್ಲಿ ಕಡೆಯ ಮಾತು ಅವಳದೇ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೆಚ್ಚಲಿನ ಕೆಳಗೆ ಅಂಗೈ ಕೊಟ್ಟು ತೂಗುವಳು. ಆಮೇಲೆ ಎದ್ದು ಕೈ ಒರೆಸಿಕೊಂಡು ಇಷ್ಟು ಸೇರು ಎನ್ನುವಳು. ಕರೆದು ಅಳೆದರೆ ಅಷ್ಟೇ ಇರುತ್ತಿತ್ತು. ಗಂಡ ಸತ್ತ ಮೇಲೆ ಇಬ್ಬರು ಗಂಡುಮಕ್ಕಳನ್ನೂ ಹೊಲವನ್ನೂ ಕೊಟ್ಟಿಗೆ ತುಂಬ ದನವನ್ನೂ ಅದೇ ಕೈಯಲ್ಲಿ ಹಿಡಿದು ನಡೆಸಿದ ಹೆಂಗಸು. ಆ ಕೈಯನ್ನು ಊರು ನಂಬಿತ್ತು.

ಅಕ್ಕಯಮ್ಮ ಆ ಮನೆಗೆ ಕಿರಿಯ ಸೊಸೆಯಾಗಿ ಬಂದದ್ದು ೧೯೬೦ರ ಬೇಸಿಗೆಯಲ್ಲಿ, ನಂದಗುಡಿ ಕಡೆಯಿಂದ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಸಾಕಿದ್ದು ತಂದೆ. ಹೆಣ್ಣು ನೋಡಲು ಹೋದವರು ಹಿರಿಯ ಮಗ ಅಪ್ಪಯ್ಯಣ್ಣ ಮತ್ತು ಊರಿನ ಇಬ್ಬರು ಹಿರಿಯರು. ಹುಡುಗಿಯ ಮುಖ ಲಕ್ಷಣವಾಗಿದೆ, ದನದ ಕೆಲಸ ಬರುತ್ತದೆ ಎಂದು ಒಪ್ಪಿಕೊಂಡು ಬಂದರು. ಮುನಿತಾಯಮ್ಮ ಸೊಸೆಯನ್ನು ಸರಿಯಾಗಿ ನೋಡಿದ್ದು ಮದುವೆಯಾದ ಮೇಲೆ, ಎಣ್ಣೆ ನೀರು ಹಾಕುವ ದಿನ. ಬಚ್ಚಲಲ್ಲಿ ಸೊಸೆಯ ಬೆನ್ನಿಗೆ ಎಣ್ಣೆ ತಿಕ್ಕಿದವಳು ಮುಂದೆ ತಿರುಗಿಸಿ ನೋಡಿ, ತಿಕ್ಕುವ ಕೈ ನಿಲ್ಲಿಸಿದಳು. ಹಂಡೆಯ ಹತ್ತಿರ ಬೆಂಕಿ ಹಾಕುತ್ತಿದ್ದ ಹಿರಿಯ ಸೊಸೆ ಲಕ್ಷ್ಮೀದೇವಮ್ಮನನ್ನು ಕರೆದಳು.

"ಬಾರೇ ಇಲ್ಲಿ. ನಿನ್ ಗಂಡ ಹೆಣ್ ನೋಡ್ಕೊಂಡ್ ಬಂದಿರೋ ಚೆಂದ ನೋಡು. ಹಲಗೆಗೆ ಸೀರೆ ಉಡ್ಸಿ ಕಳ್ಸವ್ರೆ."

ಲಕ್ಷ್ಮೀದೇವಮ್ಮ ನಕ್ಕಳು. ಅವಳು ತುಂಬಿದ ಮೈಯವಳು. ನಗುವಾಗ ಅವಳ ಎದೆ ಕುಲುಕುತ್ತಿತ್ತು. ಅಕ್ಕಯಮ್ಮ ಒದ್ದೆ ಕೂದಲನ್ನು ಎದೆಯ ಮೇಲೆ ಎಳೆದುಕೊಂಡು ಕೂತಳು. ಅವತ್ತಿನಿಂದ ಮನೆಯಲ್ಲಿ ಅವಳ ಹೆಸರು ಹಲಗೆ ಎಂದಾಯಿತು. ಹಲಗೆಗೆ ಮುದ್ದೆ ಇಕ್ಕು, ಹಲಗೆ ಎಲ್ಲಿ ಸತ್ಲು, ಹಲಗೆಗೆ ಹೇಳು ಗೊಬ್ಬರ ಹೊರಕ್ಕೆ. ಗಂಡ ಗಂಗಣ್ಣ ಬೆಳಗಾದರೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋಗುವವನು. ತಾಯಿ ಮಾತಾಡುವಾಗ ಅವನು ಸೈಕಲ್ಲಿನ ಚೈನು ನೋಡುತ್ತಿದ್ದ.

ಬಂದ ಹೊಸತರಲ್ಲಿ ಅಕ್ಕಯಮ್ಮ ಕಂಡ ಒಂದು ಸಂಗತಿಯನ್ನು ಅವಳು ಬದುಕಿನುದ್ದಕ್ಕೂ ಮರೆಯಲಿಲ್ಲ. ಪಕ್ಕದ ಊರಿನ ಸೊಣ್ಣಪ್ಪ ಎಂಬುವನು ಒಂದು ಹಸುವನ್ನು ಹೊಡೆದುಕೊಂಡು ಬಂದಿದ್ದ. ಅದರ ಕೆಚ್ಚಲು ಹಿಂಗಾಲಿಗೆ ಉಜ್ಜುವಷ್ಟು ದೊಡ್ಡದು. ನೆರೆದ ಗಂಡಸರೆಲ್ಲ ಅದನ್ನೇ ನೋಡುತ್ತಿದ್ದರು. ಮುನಿತಾಯಮ್ಮ ಕೂತು ಕೈ ಕೊಟ್ಟಳು, ಒತ್ತಿದಳು, ಎದ್ದಳು.

"ಹೊಡ್ಕೊಂಡ್ ಹೋಗಪ್ಪ."

"ಯಾಕಮ್ಮ? ಕೆಚ್ಲು ನೋಡಿ, ಬಿಂದಿಗೆ ಇದ್ದಂಗೈತೆ."

"ಇದ್ರಾಗಿರೋದು ಮಾಂಸ ಕಣಪ್ಪ, ಹಾಲಲ್ಲ. ಕರೆದಾದ್ಮೇಲೂ ಹಿಂಗೇ ಇರ್ತದೆ. ಹಾಲಿರೋ ಕೆಚ್ಲು ಕರೆದ್ಮೇಲೆ ಖಾಲಿ ಚೀಲದಂಗೆ ಜೋಲ್ಬೇಕು. ದೊಡ್ದು ನೋಡಿ ಮರುಳಾಗೋಕೆ ನಾನೇನು ಗಂಡಸಾ?"

ಗಂಡಸರೆಲ್ಲ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅಕ್ಕಯಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ಅತ್ತೆಯ ಬಗ್ಗೆ ಅವತ್ತು ಅವಳಿಗೆ ಹೆಮ್ಮೆಯೇ ಆಯಿತು.

ಮರುವರ್ಷ ಯುಗಾದಿ ಕಳೆದ ಸ್ವಲ್ಪ ದಿನಕ್ಕೆ ಅಕ್ಕಯಮ್ಮ ಹೆತ್ತಳು. ತವರಲ್ಲಿ ಬಾಣಂತನ ಮಾಡುವ ತಾಯಿಯಿಲ್ಲದ್ದರಿಂದ ಚೊಚ್ಚಲ ಹೆರಿಗೆ ಅತ್ತೆ ಮನೆಯಲ್ಲೇ ಆಯಿತು. ಸೂಲಗಿತ್ತಿ ನರಸಮ್ಮ ಮಗುವನ್ನು ಒರೆಸಿ, ಮೊರದಲ್ಲಿ ಹಾಕಿ, ಹೆಣ್ಣು ಎಂದಳು. ಕೆಂಪಗೆ, ಉದ್ದ ಬೆರಳಿನ ಕೂಸು. ಆ ಸೀಮೆಯಲ್ಲಿ ಆಗ ಹುಟ್ಟಿದ ಮೂರು ದಿನ ಮಗುವಿಗೆ ತಾಯಿಯ ಎದೆ ಕೊಡುತ್ತಿರಲಿಲ್ಲ. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಗೋಡೆ ಬುಡಕ್ಕೆ ಚೆಲ್ಲುವುದು, ಮಗುವಿನ ಬಾಯಿಗೆ ಸಕ್ಕರೆ ನೀರಿನ ಬಟ್ಟೆ ಬತ್ತಿ ಇಡುವುದು. ನರಸಮ್ಮ ಹೊರಡುವಾಗ ಮೆಲ್ಲಗೆ, "ನಾಕನೇ ದಿನ ಎದೆಗಾಕ್ಕೊಳವ್ವ. ಎಳೀತಾ ಎಳೀತಾ ಹಾಲು ಬರ್ತದೆ," ಎಂದು ಹೇಳಿ ಹೋದಳು. ಮುನಿತಾಯಮ್ಮನಿಗೆ ಅದು ಕೇಳಿಸಿತು.

ಅದೇ ವಾರ ಕೊಟ್ಟಿಗೆಯಲ್ಲಿ ಕಂದಿ ಹಸು ಕರು ಹಾಕಿತ್ತು. ಅದರ ಮೊದಲ ಹಾಲನ್ನು ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿ ಮನೆಯವರೆಲ್ಲ ತಿಂದರು, ನಾಲ್ಕು ಮನೆಗೆ ಹಂಚಿದರು. ಬಾಣಂತಿಯ ಕೋಣೆಗೂ ಅದರ ಘಮ ಬಂತು. ಅಕ್ಕಯಮ್ಮ ತನ್ನ ಗಿಣ್ಣನ್ನು ಗೋಡೆ ಬುಡಕ್ಕೆ ಹಿಂಡುತ್ತಿದ್ದಳು.

ಮೂರನೆಯ ದಿನ ಮುನಿತಾಯಮ್ಮ ಒಂದು ಹಿತ್ತಾಳೆ ಬಟ್ಟಲು ಹಿಡಿದುಕೊಂಡು ಕೋಣೆಗೆ ಬಂದಳು. ಹಿಂದೆ ಲಕ್ಷ್ಮೀದೇವಮ್ಮ.

"ಸೆರಗು ತೆಗಿ."

ಅಕ್ಕಯಮ್ಮ ತೆಗೆದಳು. ಅತ್ತೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಎದೆಯ ಕೆಳಗೆ ಅಂಗೈ ಕೊಟ್ಟು ತೂಗಿದಳು. ಹಸುವಿಗೆ ಕೊಡುವ ಹಾಗೆಯೇ. ಕೈಗೆ ಏನೂ ಸಿಗಲಿಲ್ಲವೆಂದು ಮುಖ ಹೇಳಿತು. ಆಮೇಲೆ ಹೆಬ್ಬೆರಳು ಮಡಿಸಿ ತೊಟ್ಟು ಹಿಡಿದು ಕರೆದಳು. ಅಕ್ಕಯಮ್ಮ ಹಲ್ಲು ಕಚ್ಚಿಕೊಂಡಳು. ನೋವಿಗೆ ಕಣ್ಣಲ್ಲಿ ನೀರು ಬಂತೇ ಹೊರತು ಬಟ್ಟಲಿಗೆ ಬಿದ್ದದ್ದು ಹಳದಿಯ ನಾಲ್ಕು ಹನಿ.

"ಕೀವು ಇದ್ದಂಗದೆ," ಎಂದಳು ಮುನಿತಾಯಮ್ಮ. ಬಟ್ಟಲನ್ನು ಹಿರಿಯ ಸೊಸೆಗೆ ತೋರಿಸಿದಳು. "ನಂಗೆ ಬಚ್ಚಲ್ಮನೇಲೇ ಗೊತ್ತಿತ್ತು. ಇದು ಹಾಲು ಕೊಡೋ ಮೈಯಲ್ಲ. ಕೂಸಿಗೆ ಇದನ್ನ ಕುಡಿಸಿದ್ರೆ ಮಣ್ಣು ಮಾಡ್ಬೇಕಾಯ್ತದೆ. ಎತ್ಕೊಳೇ ಲಕ್ಷ್ಮೀದೇವಿ. ದೇವ್ರು ನಿಂಗೆ ಇಬ್ಬರಿಗಾಗೋಷ್ಟು ಕೊಟ್ಟವ್ನೆ."

ಲಕ್ಷ್ಮೀದೇವಮ್ಮನ ಮಗನಿಗೆ ಆಗಲೇ ಹಲ್ಲು ಬಂದಿತ್ತು, ಮುದ್ದೆಯನ್ನೂ ತಿನ್ನುತ್ತಿದ್ದ. "ನನ್ ಮಗನಿಗೇ ಸಾಲ್ತಾ ಇಲ್ಲ ಅತ್ತೆ," ಎಂದಳು ಅವಳು, ಅರ್ಧ ದನಿಯಲ್ಲಿ.

"ನೋಡಿದ್ರೆ ಗೊತ್ತಾಗಲ್ವಾ ನಂಗೆ? ಇಷ್ಟಿಟ್ಕೊಂಡು ಸಾಲಲ್ಲ ಅಂತಾಳೆ."

ಊರೆಲ್ಲ ನಂಬಿದ ಕೈ ತನ್ನನ್ನು ಹೊಗಳುವಾಗ ಇಲ್ಲವೆನ್ನುವುದು ಲಕ್ಷ್ಮೀದೇವಮ್ಮನಿಗೂ ಆಗಲಿಲ್ಲ. ಮಗುವನ್ನು ಮೊರದಿಂದ ಎತ್ತಿಕೊಂಡು ನಡುಮನೆಗೆ ನಡೆದಳು. ಅಕ್ಕಯಮ್ಮ ಅವಳ ಸೀರೆಯ ಅಂಚು ಹಿಡಿದುಕೊಂಡಳು.

"ಅಕ್ಕ, ಒಂದ್ಸಲ ನನ್ ಎದೆಗಾಕಿ ನೋಡಕ್ಕ. ಬರ್ಲಿಲ್ಲಾಂದ್ರೆ ನೀನೇ ಎತ್ಕೊಂಡೋಗು."

ಮುನಿತಾಯಮ್ಮ ಆ ಕೈಯನ್ನು ಬಿಡಿಸಿದಳು. "ಸುಮ್ನಿರೇ ಹಲಗೆ. ಇಲ್ದೇ ಇರೋದನ್ನ ಎಲ್ಲಿಂದ ತಂದಾಕ್ತೀಯ?"

ಮರುದಿನ ಬೆಳಗ್ಗೆ ಅಕ್ಕಯಮ್ಮನ ಎದೆ ಕಲ್ಲಾಯಿತು. ಬಿಸಿಯಾಗಿ ಬಿಗಿದು ಕಂಕುಳವರೆಗೂ ನೋವು. ನಡುಮನೆಯಲ್ಲಿ ಮಗು ಅತ್ತಿತು. ಆ ಅಳು ಕಿವಿಗೆ ಬಿದ್ದ ಕೂಡಲೇ ಅವಳ ಕುಪ್ಪಸ ತನ್ನಷ್ಟಕ್ಕೆ ಒದ್ದೆಯಾಯಿತು. ಮೊದಲು ಅವಳಿಗೆ ಏನಾಯಿತೆಂದೇ ತಿಳಿಯಲಿಲ್ಲ. ಮುಟ್ಟಿ ನೋಡಿಕೊಂಡಳು. ಬೆರಳು ಬಾಯಿಗಿಟ್ಟುಕೊಂಡಳು. ಸಿಹಿ. ಅವಳು ಕೋಣೆಯಿಂದ ಎದ್ದೇ ಬಂದಳು. ಬಾಣಂತಿ ಹೊಸಿಲು ದಾಟಬಾರದೆಂಬುದನ್ನೂ ಮರೆತಳು.

"ಅತ್ತೆ, ಬಂದೈತೆ ನೋಡಿ. ಸೋರ್ತಾ ಐತೆ."

ಮುನಿತಾಯಮ್ಮ ರಾಗಿ ಕೇರುತ್ತಿದ್ದಳು. ಒದ್ದೆ ಕುಪ್ಪಸವನ್ನು ನೋಡಿದಳು. ನೋಡಿದ್ದನ್ನು ಅಕ್ಕಯಮ್ಮ ನೋಡಿದಳು. ಒಂದು ಗಳಿಗೆ ಆ ಮುದುಕಿಯ ಕೈಯಲ್ಲಿ ಮೊರ ನಿಂತಿತು. ಆಮೇಲೆ ಮತ್ತೆ ಆಡಿತು.

"ನೀರು ಅದು. ಬೆಳ್ಳಗೆ ನೀರಿನಂಗೈತಲ್ಲ, ಕಣ್ ಕಾಣಲ್ವಾ? ಕಂದಿ ಹಾಲು ನೋಡಿದೀಯಲ್ಲ, ಹಂಗಿರ್ಬೇಕು ಹಾಲು ಅಂದ್ರೆ. ಕೆಟ್ಟ ನೀರು ಎದೇಲಿ ನಿಂತ್ರೆ ಜ್ವರ ಬತ್ತದೆ. ಲಕ್ಷ್ಮೀದೇವಿ, ಬಾವಿತಾವ ಮಲ್ಲಿಗೆ ಬಿಟ್ಟೈತಲ್ಲ, ಕುಯ್ಕೊಂಡ್ ಬಾ."

ಮಲ್ಲಿಗೆ ಯಾಕೆಂದು ಅಕ್ಕಯಮ್ಮನಿಗೆ ಕೂಡಲೇ ತಿಳಿಯಿತು. ನಂದಗುಡಿ ಕಡೆಯಲ್ಲೂ ಅದು ಗೊತ್ತಿದ್ದ ಮದ್ದು. ಅವರ ಪಕ್ಕದ ಮನೆಯ ಹೆಂಗಸಿಗೆ ಸತ್ತ ಮಗು ಹುಟ್ಟಿದಾಗ, ಎದೆ ಬತ್ತಲಿ ಎಂದು ಮಲ್ಲಿಗೆ ಸರವನ್ನು ಸುತ್ತಿ ಬಟ್ಟೆ ಬಿಗಿದಿದ್ದರು. ಆ ಹೆಂಗಸು ಹೂ ಮುಡಿದವಳ ಹಾಗೆ ಘಮಘಮ ಎನ್ನುತ್ತ ಮೂಲೆಯಲ್ಲಿ ಬಿದ್ದಿದ್ದನ್ನು ಅಕ್ಕಯಮ್ಮ ಹುಡುಗಿಯಾಗಿದ್ದಾಗ ಕಂಡಿದ್ದಳು.

"ಅದು ಮಗು ಸತ್ತೋರಿಗೆ ಕಟ್ಟೋದು ಅತ್ತೆ," ಎಂದಳು. "ನನ್ ಮಗು ಬದುಕೈತೆ."

"ಬದುಕಿರ್ಲಿ ಅಂತ್ಲೇ ಕಟ್ತಿರೋದು."

ಅಕ್ಕಯಮ್ಮನಿಗೆ ಆಗ ಸೊಣ್ಣಪ್ಪನ ಹಸು ನೆನಪಾಯಿತು. ಅತ್ತೆಯ ಎದುರು ಅವಳು ವಾದ ಮಾಡಿದ್ದು ಬದುಕಿನಲ್ಲಿ ಅದೊಂದೇ ಸಲ.

"ಅವತ್ತು ನೀವೇ ಹೇಳಿದ್ರಲ್ಲ ಅತ್ತೆ, ದೊಡ್ಡ ಕೆಚ್ಲಲ್ಲಿ ಇರೋದು ಮಾಂಸ, ಹಾಲಲ್ಲ ಅಂತ. ಕರು ಬಿಡ್ದೆ ಕೂತ್ರೆ ಹಸು ಹಾಲಿಳ್ಸಲ್ಲ ಅಂತಾನೂ ನೀವೇ ಹೇಳ್ತೀರ. ನನ್ ಕೂಸನ್ನೇ ಬಿಡ್ದೆ ನನ್ನ ಕರೆದ್ರಲ್ಲ."

ಪಕ್ಕದಲ್ಲಿದ್ದ ಅದೇ ಹಿತ್ತಾಳೆ ಬಟ್ಟಲು ಅತ್ತೆಯ ಕೈಯಿಂದ ಅವಳ ಕೆನ್ನೆಯ ಮೂಳೆಗೆ ಬಿತ್ತು. ಆ ಗುರುತು ಅಲ್ಲೇ ಉಳಿಯಿತು. ಮುನಿತಾಯಮ್ಮ ಹೊಡೆದದ್ದು ಸಿಟ್ಟಿನಿಂದ ಮಾತ್ರವಲ್ಲ ಎಂದು ಅಕ್ಕಯಮ್ಮನಿಗೆ ಎಷ್ಟೋ ವರ್ಷದ ಮೇಲೆ ಅನ್ನಿಸಿತು. ಊರು ನಂಬಿದ ಕೈ ತಪ್ಪಿತೆಂದು ಸೊಸೆಯ ಬಾಯಲ್ಲಿ ಬಂದರೆ ನಾಳೆಯಿಂದ ಮನೆ ಮುಂದೆ ಯಾರು ಹಸು ತಂದು ನಿಲ್ಲಿಸುತ್ತಾರೆ?

ಸಂಜೆ ಗಂಗಣ್ಣ ಬಂದಾಗ ಅವಳು ಕೋಣೆಯ ಬಾಗಿಲಿಂದಲೇ ಹೇಳಿಕೊಂಡಳು. ಅವನು ಖಾಲಿ ಕ್ಯಾನು ಇಳಿಸುತ್ತ ಕೇಳಿದ.

"ಅಮ್ಮ ಹಾಲಿನ ವಿಷ್ಯದಲ್ಲಿ ಯಾವತ್ತು ತಪ್ಪವ್ಳೆ ಹೇಳು?"

"ನಾನೇನು ಹಸುವಾ?"

"ಹಸು ಆಗಿದ್ರೆ ಸಂತೇಲಿ ವಾಪಸ್ ಕೊಟ್ಟಾದ್ರೂ ಬರ್ತಿದ್ದೆ," ಎಂದ ಗಂಗಣ್ಣ, ತಮಾಷೆಗೆ ಎಂಬಂತೆ. ಜಗಲಿಯಲ್ಲಿದ್ದ ಅಣ್ಣ ಅಪ್ಪಯ್ಯಣ್ಣ ನಕ್ಕ.

ಹೂ ಕಟ್ಟಿದರು. ಲಕ್ಷ್ಮೀದೇವಮ್ಮ ಒತ್ತಾಗಿ ಪೋಣಿಸಿದ ಸರ, ಅದರ ಮೇಲೆ ಹಳೇ ಸೀರೆಯ ಪಟ್ಟಿ, ಬೆನ್ನ ಹಿಂದೆ ಗಂಟು. ಹೂ ಬಾಡಿದ ಹಾಗೆ ಬದಲಾಯಿಸಿದರು. ನಡುಮನೆಯಲ್ಲಿ ಮಗು ಅತ್ತಾಗಲೆಲ್ಲ ಪಟ್ಟಿಯೊಳಗೆ ಹೂ ನೆನೆಯುತ್ತಿತ್ತು. ಹಾಲು ಹೂವಿಗೆ ಇಳಿಯಿತು, ಹೂ ಹುಳಿ ವಾಸನೆ ಹಿಡಿಯಿತು. ಜ್ವರ ಬಂತು, ಹೋಯಿತು. ಒಂದು ಬೆಳಗ್ಗೆ ಮಗು ಎಷ್ಟು ಅತ್ತರೂ ಕುಪ್ಪಸ ಒದ್ದೆಯಾಗಲಿಲ್ಲ.

"ನಾನ್ ಹೇಳ್ಲಿಲ್ವಾ?" ಎಂದಳು ಮುನಿತಾಯಮ್ಮ ಹಾಲು ಒಯ್ಯಲು ಬಂದ ನೆರೆಯವರಿಗೆ. "ಇದ್ದಿದ್ರೆ ಬತ್ತೋಯ್ತಿತ್ತಾ?"

ಒಂದೇ ಒಂದು ಸಲ, ಎಲ್ಲರೂ ಹೊಲಕ್ಕೆ ಹೋಗಿದ್ದಾಗ, ಅಕ್ಕಯಮ್ಮ ನಡುಮನೆಗೆ ನುಗ್ಗಿ ತೊಟ್ಟಿಲಿನಿಂದ ಮಗುವನ್ನು ಎತ್ತಿ ಎದೆಗೆ ಹಚ್ಚಿದಳು. ಮಗು ಆಗಲೇ ಹಸುವಿನ ಹಾಲು ಕುಡಿಸುವ ಒಳಲೆಯ ಮೂತಿಗೆ ಹೊಂದಿಕೊಂಡಿತ್ತು. ತೊಟ್ಟನ್ನು ಒಮ್ಮೆ ಎಳೆದು, ಏನೂ ಸಿಗದೆ, ಮುಖ ತಿರುಗಿಸಿಕೊಂಡು ಕಿರುಚಿತು. ಲಕ್ಷ್ಮೀದೇವಮ್ಮ ಒಳಗೆ ಬಂದದ್ದು ಆಗಲೇ. ಅವಳು ಬೈಯಲಿಲ್ಲ. ಮಗುವನ್ನು ಕಿತ್ತುಕೊಳ್ಳಲಿಲ್ಲ ಕೂಡ. ಅಕ್ಕಯಮ್ಮ ತಾನೇ ಕೊಡುವವರೆಗೂ ಕಾದಳು.

ಅಲ್ಲಿಂದ ಮುಂದೆ ಅಕ್ಕಯಮ್ಮನ ಹಾಸಿಗೆ ಕೊಟ್ಟಿಗೆ ಪಕ್ಕದ ಕೋಣೆಗೆ ಹೋಯಿತು. ಬಾಣಂತನ ಅರ್ಧಕ್ಕೆ ಮುಗಿಸಿ ಅವಳು ಹಾಲು ಕರೆಯಲು ಕೂತಳು. ಕಂದಿಯ ಕರುವನ್ನು ಬಿಡುವುದು, ಕಂದಿ ಹಾಲಿಳಿಸುವುದು, ಕರುವನ್ನು ಎಳೆದು ಕಟ್ಟುವುದು, ಕರೆಯುವುದು. ಆ ಚೊಂಬು ಒಳಗೆ ಹೋಗಿ, ನೀರು ಬೆರೆತು, ಒಳಲೆಯಲ್ಲಿ ಮಗುವಿನ ಬಾಯಿಗೆ ಬೀಳುತ್ತಿತ್ತು. ಲಕ್ಷ್ಮೀದೇವಮ್ಮನ ಎದೆ ಒಂದು ತಿಂಗಳೂ ಇಬ್ಬರಿಗೆ ಸಾಲಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಚೊಂಬು ಕೊಡುವ ಅಕ್ಕಯಮ್ಮನಿಗೂ ಗೊತ್ತಿತ್ತು. ಮನೆಯಲ್ಲಿ ಮಾತ್ರ ಮಗು ದೊಡ್ಡ ಸೊಸೆಯ ಹಾಲಲ್ಲಿ ಬೆಳೆಯುತ್ತಿದೆ ಎಂದೇ ಹೇಳಿಕೊಂಡರು. ಮಳೆಗಾಲದಲ್ಲಿ ಮಗುವಿಗೆ ಭೇದಿ ಹತ್ತಿ ಕಣ್ಣು ಗುಳಿ ಬಿದ್ದು, ಕತ್ತು ನಿಲ್ಲದ ಹಾಗಾಯಿತು. ಆಗಲೂ ಮುನಿತಾಯಮ್ಮ ಕೊಟ್ಟಿಗೆ ಕಡೆಗೆ ನೋಡಿ ಹೇಳಿದಳು: "ಹೊಟ್ಟೇಲಿದ್ದಾಗ್ಲೇ ಏನೂ ಕೊಟ್ಟಿಲ್ಲ ಕಣೇ ನೀನು ಅದಕ್ಕೆ."

ಮಗು ಉಳಿಯಿತು. ಅನುಸೂಯ ಎಂದು ಹೆಸರಿಟ್ಟರು.

ಅಕ್ಕಯಮ್ಮನಿಗೆ ಆಮೇಲೆ ಬಸಿರು ನಿಲ್ಲಲಿಲ್ಲ. ಎರಡು ಸಲ ಆಗಿ ಇಳಿಯಿತು. ಅದಾದ ಮೇಲೆ ಗಂಗಣ್ಣ ಜಗಲಿಯಲ್ಲಿ ಮಲಗುವುದನ್ನು ರೂಢಿ ಮಾಡಿಕೊಂಡ. ಅನುಸೂಯ ಲಕ್ಷ್ಮೀದೇವಮ್ಮನನ್ನು ಅಮ್ಮ ಎಂದಳು, ಅಕ್ಕಯಮ್ಮನನ್ನು ಚಿಕ್ಕಮ್ಮ ಎಂದಳು. ಹೆತ್ತವಳು ಯಾರೆಂದು ಮುಚ್ಚಿಟ್ಟಿರಲಿಲ್ಲ. ಎಲ್ಲರೂ ಬೇಕೆಂದಾಗ ಹೇಳುವ ಕತೆ ಅದು. ಒಂದು ದಿನ ಸ್ಕೂಲಿಂದ ಬಂದ ಹುಡುಗಿ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು, ಅಕ್ಕಯಮ್ಮ ಕರೆಯುವುದನ್ನು ನೋಡುತ್ತ ಕೇಳಿದಳು.

"ಚಿಕ್ಕಮ್ಮ, ನಿಂಗೆ ಹಾಲೇ ಬರ್ಲಿಲ್ವಂತೆ ಅಲ್ವಾ? ಅದಕ್ಕೇ ನನ್ನ ಅಮ್ಮಂಗೆ ಕೊಟ್ಯಂತೆ."

ಅಕ್ಕಯಮ್ಮನ ಕೈ ತೊಟ್ಟಿನ ಮೇಲೆ ನಿಂತಿತು. ಹೇಳಿಬಿಡಬೇಕೆಂದು ತಿರುಗಿದಳು. ಹುಡುಗಿ ಬಾಯಲ್ಲಿದ್ದ ಕಡಲೆ ಮಿಠಾಯಿಯನ್ನು ಕಚ್ಚಿ ಮುರಿದು, ಅರ್ಧವನ್ನು ಅವಳ ಬಾಯಿಗಿಟ್ಟಳು.

"ಪಾಪ ಚಿಕ್ಕಮ್ಮ. ನೀನೇನ್ ಮಾಡ್ತೀಯ, ದೇವ್ರೇ ಕೊಟ್ಟಿಲ್ಲ."

ಎಂಜಲಿನ ಆ ಸಿಹಿಯನ್ನು ಅಕ್ಕಯಮ್ಮ ಕರಗುವವರೆಗೂ ಬಾಯಲ್ಲಿಟ್ಟುಕೊಂಡಳು. ಮಗಳಿಂದ ಅವಳಿಗೆ ಸಿಕ್ಕ ಪ್ರೀತಿ ಎಂದರೆ ಈ ಪಾಪ ಎನ್ನುವ ಮಾತು. ಹೂ ತಂದರೆ ಒಂದು ಮೊಳ ಚಿಕ್ಕಮ್ಮನಿಗೂ ಕೊಡುವಳು, ಪಾಪ ಎಂದು. ಮಲ್ಲಿಗೆಯ ವಾಸನೆ ಅಕ್ಕಯಮ್ಮನಿಗೆ ಆಗುತ್ತಿರಲಿಲ್ಲ. ಆದರೂ ಮುಡಿಯುವಳು. ನಿಜ ಹೇಳಿದರೆ ಇದೂ ಹೋದೀತೆಂದು ಅವಳಿಗೆ ಆಗಲೇ ಹೇಗೋ ತಿಳಿದಿತ್ತು.

ಅನುಸೂಯ ದೊಡ್ಡವಳಾದಳು. ತಾಯಿಯ ಮೂಗು, ತಾಯಿಯ ಉದ್ದ ಬೆರಳು, ತಾಯಿಯ ಎದೆ. ಕುಂದಾಣದ ಒಂದು ಮನೆಗೆ ಕೊಟ್ಟರು. ಗಂಡ ಆಂಜಿನಪ್ಪ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ೧೯೭೯ರ ಬೇಸಿಗೆಯಲ್ಲಿ ಚೊಚ್ಚಲ ಹೆರಿಗೆಗೆ ಅನುಸೂಯ ತವರಿಗೆ ಬಂದಾಗ ಅವಳ ಪೆಟ್ಟಿಗೆಯಲ್ಲಿ ಹಾಲಿನ ಪುಡಿಯ ಒಂದು ಡಬ್ಬವಿತ್ತು. ಅದರ ಮೇಲೆ ಗುಂಡು ಕೆನ್ನೆಯ ಒಂದು ಮಗುವಿನ ಚಿತ್ರ.

"ನಮ್ಮತ್ತೆ ಆಗ್ಲೇ ಹೇಳಿಬಿಟ್ಟವ್ರೆ," ಎಂದಳು ಲಕ್ಷ್ಮೀದೇವಮ್ಮನಿಗೆ. "ನಿಂದು ಹೆತ್ತೋಳಂಗೇ ಇದೆ, ಎದೆ ನಂಬ್ಕೊಂಡು ಕೂಸನ್ನ ಸಾಯಿಸ್ಬೇಡ ಅಂತ. ಇವ್ರು ಡಬ್ಬ ತಂದ್ಕೊಟ್ರು."

ಗಂಡುಮಗು ಹುಟ್ಟಿತು. ಮುನಿತಾಯಮ್ಮ ಈಗ ಕಣ್ಣಿಗೆ ಪೊರೆ ಬಂದು ಮೂಲೆ ಹಿಡಿದಿದ್ದಳು. ಆದರೂ ಮೂರನೆಯ ದಿನ ಗೋಡೆ ಹಿಡಿದುಕೊಂಡು ಬಂದಳು. ಕಣ್ಣು ಬೇಕಾದ ಕೆಲಸವಲ್ಲ ಅದು. ಮೊಮ್ಮಗಳ ಎದೆಯ ಕೆಳಗೆ ಅಂಗೈ ಕೊಟ್ಟು ತೂಗಿದಳು.

"ಹೆತ್ತೋಳದೇ," ಎಂದಳು. "ಅಕ್ಕಯಮ್ಮ, ನಾಳೆ ಮಲ್ಲಿಗೆ ಕುಯ್ದು ಕಟ್ಟಿಡು."

ಲಕ್ಷ್ಮೀದೇವಮ್ಮ ಏನಾದರೂ ಅಂದಾಳೆಂದು ಅಕ್ಕಯಮ್ಮ ಅವಳ ಮುಖ ನೋಡಿದಳು. ಲಕ್ಷ್ಮೀದೇವಮ್ಮ ಡಬ್ಬದ ಮುಚ್ಚಳ ತೆಗೆಯುತ್ತಿದ್ದಳು.

ಮರುದಿನ ಊರಲ್ಲಿ ಒಂದು ಮದುವೆ. ಮುನಿತಾಯಮ್ಮ, ಬಾಣಂತಿ, ಅಕ್ಕಯಮ್ಮ ಉಳಿದು ಮಿಕ್ಕವರೆಲ್ಲ ಊಟಕ್ಕೆ ಹೋದರು. ಅಕ್ಕಯಮ್ಮ ಬಾವಿಯ ಹತ್ತಿರ ಮಲ್ಲಿಗೆ ಬಿಡಿಸಿಕೊಂಡು ಬಂದು ಹಜಾರದಲ್ಲಿ ಕೂತು ಬಾಳೆ ನಾರಲ್ಲಿ ಕಟ್ಟತೊಡಗಿದಳು. ಕೋಣೆಯೊಳಗೆ ಮಗು ಅಳುತ್ತಿತ್ತು. ಡಬ್ಬದ ಹಾಲು ಕುಡಿದದ್ದನ್ನೆಲ್ಲ ಬೆಳಗ್ಗೆಯಿಂದ ಕಕ್ಕಿತ್ತು. ಅಳು ಬರಬರುತ್ತ ಸಣ್ಣದಾಯಿತು. ಅಕ್ಕಯಮ್ಮ ಇಂಥ ಸಣ್ಣ ಅಳುವನ್ನು ಹಿಂದೆ ಒಂದು ಮಳೆಗಾಲದಲ್ಲಿ ಕೇಳಿದ್ದಳು. ಅವಳು ಹೂವನ್ನು ಕೆಳಗಿಟ್ಟು ಒಳಗೆ ಹೋದಳು.

ಅನುಸೂಯ ಗೋಡೆಗೆ ಒರಗಿ ಮೈ ಬಿಗಿದುಕೊಂಡು ಕೂತಿದ್ದಳು. ಮುಖ ಜ್ವರಕ್ಕೆ ಕೆಂಪಾಗಿತ್ತು. ಕುಪ್ಪಸ ಒದ್ದೆ.

"ಚಿಕ್ಕಮ್ಮ, ಹೂ ಆಯ್ತಾ? ಬೇಗ ಕಟ್ಟು. ನೋವು ತಡ್ಯೋಕಾಗ್ತಿಲ್ಲ. ಕೆಟ್ಟ ನೀರು ನಿಂತೈತೆ."

"ನೀರಲ್ಲ ಅದು. ಮಗೂನ ಎದೆಗಾಕ್ಕೊ."

"ನಿಂಗೇನ್ ಗೊತ್ತು ಚಿಕ್ಕಮ್ಮ, ನಿಂಗೆ ಬಂದಿದ್ರೆ ತಾನೆ? ಮುಟ್ಬೇಡ ಅದನ್ನ. ನಿನ್ ಕೈ ಸೋಕಿದ್ರೆ..."

ಅನುಸೂಯ ಮಾತನ್ನು ಅಲ್ಲಿಗೇ ನುಂಗಿದಳು. ಅಕ್ಕಯಮ್ಮ ಆಗಲೇ ಮಗುವನ್ನು ಎತ್ತಿಕೊಂಡಿದ್ದಳು. ಎಡಗೈಯಲ್ಲಿ ಮಗಳ ಭುಜವನ್ನು ಗೋಡೆಗೆ ಒತ್ತಿ ಹಿಡಿದಳು. ದನ ಪಳಗಿಸಿದ ಕೈ. ಅನುಸೂಯ ಒದ್ದಳು, ಅಜ್ಜಿಯನ್ನು ಕೂಗಿದಳು. ಅಕ್ಕಯಮ್ಮ ಕುಪ್ಪಸ ಸರಿಸಿ, ಬಿಗಿದಿದ್ದ ಎದೆಯನ್ನು ಎರಡು ಬೆರಳಲ್ಲಿ ಮೆದುವಾಗುವಷ್ಟು ಹಿಂಡಿ, ಕೂಸಿನ ತುಟಿಗೆ ಸೋಕಿಸಿದಳು. ಕರುವಿಗೆ ಕೆಚ್ಚಲು ತೋರಿಸಿಕೊಡುವ ಹಾಗೆಯೇ. ಕೂಸು ತಡವರಿಸಿತು, ಜಾರಿತು, ಮತ್ತೆ ಹುಡುಕಿತು, ಹಿಡಿಯಿತು.

ಕೋಣೆಯಲ್ಲಿ ಕೂಸು ಗುಟುಕರಿಸುವ ಸದ್ದು ಮಾತ್ರ. ಬಾಯಿಯ ಅಂಚಿಂದ ಹಾಲು ಇಳಿದು ಅನುಸೂಯಳ ಹೊಟ್ಟೆಯ ಮೇಲೆ ಹರಿಯಿತು. ಇನ್ನೊಂದು ಎದೆಯಿಂದ ತನ್ನಷ್ಟಕ್ಕೆ ತೊಟ್ಟಿಕ್ಕಿತು. ಅನುಸೂಯ ಒದೆಯುವುದನ್ನು ಬಿಟ್ಟು ನೋಡುತ್ತ ಕೂತಳು. ಆಮೇಲೆ ಅವಳ ಕೈ ತಾನಾಗಿ ಕೂಸಿನ ತಲೆಯ ಕೆಳಗೆ ಬಂತು. ಅಕ್ಕಯಮ್ಮ ಭುಜದ ಮೇಲಿನ ಕೈ ತೆಗೆದಳು.

"ಬರ್ತಾ ಐತೆ," ಎಂದಳು ಅನುಸೂಯ.

"ಹೂಂ."

"ಇಷ್ಟೊಂದು."

"ಹೂಂ. ಅಳು ಕೇಳಿದ್ರೆ ಸಾಕು, ಬರ್ತದೆ."

ಅನುಸೂಯ ತಲೆಯೆತ್ತಿದಳು. ಅಕ್ಕಯಮ್ಮ ಆ ಮಾತು ಆಡಬಾರದಿತ್ತು. ಆಡಿಯಾಗಿತ್ತು.

"ನಿಂಗ್ ಹೆಂಗ್ ಗೊತ್ತು?"

ಅನುಸೂಯ ಅಕ್ಕಯಮ್ಮನ ಕೆನ್ನೆಯ ಗುರುತನ್ನು, ಬತ್ತಿದ ಎದೆಯನ್ನು, ಮತ್ತೆ ತನ್ನ ಎದೆಯನ್ನು ನೋಡಿದಳು. ಎರಡೂ ಒಂದೇ ಅಳತೆ.

"ನಿಂಗೂ ಬಂದಿತ್ತಾ?"

"ಬಂದಿತ್ತು."

ಹೇಳಿದ ಕೂಡಲೇ ಅಕ್ಕಯಮ್ಮನಿಗೆ ಮೈಯ ಭಾರ ಇಳಿದಂತಾಯಿತು. ಇಷ್ಟು ವರ್ಷದ ಮೇಲೆ ಒಬ್ಬರಾದರೂ ಕೇಳಿದರು. ಅವಳು ಎಲ್ಲವನ್ನೂ ಹೇಳಲು ಬಾಯಿ ತೆರೆದಳು: ಬಟ್ಟಲು, ಹೂ, ಒದ್ದೆ ಪಟ್ಟಿ.

"ಬಂದಿತ್ತಾ," ಎಂದಳು ಅನುಸೂಯ ಇನ್ನೊಂದು ಸಲ. ಅವಳ ದನಿ ಬದಲಾಗಿತ್ತು. "ಮತ್ತೆ ಯಾಕ್ ಕೊಡ್ಲಿಲ್ಲ?"

"ಬಿಡ್ಲಿಲ್ಲ ಕಣವ್ವ. ಹೂ ಕಟ್ಟಿದ್ರು."

"ಈಗ ನನ್ ಹಿಡಿದು ಗೋಡೆಗೆ ಒತ್ತಿದ್ಯಲ್ಲ, ಅವತ್ತು ನಿನ್ ಕೈಗೇನಾಗಿತ್ತು?"

ಅಕ್ಕಯಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಅವು ಮಲ್ಲಿಗೆಯ ವಾಸನೆ ಬೀರುತ್ತಿದ್ದವು.

"ಇಲ್ದೋಳು ಅಂತ ಇಷ್ಟು ದಿನ ಪಾಪ ಅಂತಿದ್ದೆ," ಎಂದಳು ಅನುಸೂಯ. ಅವಳು ಕಿರುಚಲಿಲ್ಲ. ಕೂಸು ಬೆಚ್ಚಿ ಎದೆ ಬಿಡಬಾರದೆಂದು ಮೆಲ್ಲಗೇ ಹೇಳಿದಳು. "ಇದ್ದೂ ಕೊಡ್ಲಿಲ್ಲ. ಅಮ್ಮ ಹೆಂಗೋ ಸಾಕಿದ್ಲು. ಅವಳೂ ಇಲ್ದಿದ್ರೆ ಸತ್ತೇ ಹೋಗ್ತಿದ್ದೆ ನಾನು. ನೀನು ಹೂ ಕಟ್ಟಿಸ್ಕೊಂಡು ಕೂತಿದ್ದೆ."

ಅಷ್ಟರಲ್ಲಿ ಮುನಿತಾಯಮ್ಮ ಗೋಡೆ ತಡವುತ್ತ ಬಾಗಿಲಿಗೆ ಬಂದಳು. ಮೊಮ್ಮಗಳು ಕೂಗಿದ್ದು ಕೇಳಿ ಎದ್ದು ಬರಲು ಅವಳಿಗೆ ಇಷ್ಟು ಹೊತ್ತಾಗಿತ್ತು. ಕೂಸು ಗುಟುಕರಿಸುವುದನ್ನು ಕೇಳಿಸಿಕೊಂಡಳು. ಬಗ್ಗಿ, ತಡಕಿ, ಹಾಲು ತೊಟ್ಟಿಕ್ಕುತ್ತಿದ್ದ ಎದೆಗೆ ಕೈ ಕೊಟ್ಟಳು. ಒದ್ದೆಯಾದ ಬೆರಳನ್ನು ಮೂಸಿದಳು, ನೆಕ್ಕಿದಳು. ಅಕ್ಕಯಮ್ಮ ಆ ಕುರುಡು ಮುಖವನ್ನೇ ನೋಡಿದಳು. ಹದಿನೆಂಟು ವರ್ಷದ ಕೆಳಗೆ ಒಂದು ಗಳಿಗೆ ನಿಂತಿದ್ದ ಮೊರ ಅವಳ ಕಣ್ಣಿಗೆ ಕಟ್ಟಿತ್ತು. ಈ ಸಲವಾದರೂ ಅದು ನಿಂತೀತೇನೋ.

"ಹಾಲು," ಎಂದಳು ಮುದುಕಿ. "ಒಳ್ಳೇ ಹಾಲು ಕಣೇ. ಬರ್ದೇ ಇರ್ತದಾ? ಲಕ್ಷ್ಮೀದೇವಿ ಹಾಲ್ ಕುಡ್ದು ಬೆಳೆದ ಮೈ ಇದು. ಇವಳ ಹೊಟ್ಟೇಲಿ ಹುಟ್ಟಿದ್ರೂ ಅವಳ ಗುಣ ಬಂದೈತೆ."

ಅಕ್ಕಯಮ್ಮ ಅನುಸೂಯಳ ಕಡೆ ನೋಡಿದಳು. ಒಳಲೆ, ಕಂದಿ, ತಾನು ಬೆಳಗೂ ಬೈಗೂ ಕರೆದು ಕೊಟ್ಟ ಚೊಂಬು; ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ತಿಳಿಯಲಿಲ್ಲ. ಮಗಳು ತಲೆಯಾಡಿಸುತ್ತಿದ್ದಳು, ಅಜ್ಜಿಯ ಮಾತಿಗೆ.

"ಹೌದಜ್ಜಿ. ಅಮ್ಮಂದೇ ಬಂದಿರೋದು," ಎಂದಳು ಅನುಸೂಯ. ಕೂಸನ್ನು ಇನ್ನೊಂದು ಎದೆಗೆ ಬದಲಾಯಿಸಿಕೊಂಡಳು. ಈಗ ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಆಮೇಲೆ ಮುಖ ಎತ್ತದೆ, "ಹೋಗು ಚಿಕ್ಕಮ್ಮ. ದೃಷ್ಟಿ ಆಗ್ತದೆ ಕೂಸಿಗೆ," ಎಂದಳು.

ಅಕ್ಕಯಮ್ಮ ಹೊರಗೆ ಬಂದಳು. ಹಜಾರದಲ್ಲಿ ಅರ್ಧ ಕಟ್ಟಿದ ಸರ ಬಿದ್ದಿತ್ತು. ಅದನ್ನೂ ಉಳಿದ ಹೂವನ್ನೂ ಸೆರಗಲ್ಲಿ ಬಾಚಿಕೊಂಡು ಹಿತ್ತಲಿಗೆ ಹೋಗಿ ತಿಪ್ಪೆಗೆ ಸುರಿದಳು. ಕರೆಯುವ ಹೊತ್ತಾಗಿತ್ತು. ಕೊಟ್ಟಿಗೆಯಲ್ಲಿ ಕರು ಹಗ್ಗ ಎಳೆದುಕೊಂಡು ಕೂಗುತ್ತಿತ್ತು. ಅವಳು ಹಗ್ಗ ಬಿಚ್ಚಿದಳು. ಕರು ಓಡಿ ಹೋಗಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಹಾಲಿಳಿದ ಮೇಲೆ ಅದನ್ನು ಎಳೆದು ಕಟ್ಟಬೇಕು. ಅಕ್ಕಯಮ್ಮ ಚೊಂಬು ಹಿಡಿದುಕೊಂಡು ನಿಂತೇ ಇದ್ದಳು. ಕರು ಕೆಚ್ಚಲನ್ನು ಖಾಲಿ ಮಾಡಿ, ಬಾಯಿ ತುಂಬ ನೊರೆಯೊಂದಿಗೆ ತಾನೇ ಪಕ್ಕಕ್ಕೆ ಬಂತು. ಅವತ್ತು ಸಂಜೆ ಡೈರಿಗೆ ಹಾಲು ಕಡಿಮೆ ಬಂತೆಂದು ಗಂಗಣ್ಣ ಬೈದ. ಮೂಲೆಯಿಂದ ಮುನಿತಾಯಮ್ಮ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಅವಳು ಮುಟ್ಟಿದ್ದೆಲ್ಲಾ ಬತ್ತೋಯ್ತದೆ ಕಣೋ."